47 ಕೆ.ಜಿ. ಮೈಗೆ 35 ಕೆ.ಜಿ. ಮೂಟೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣವಿಲ್ಲ. ರೈಲು ಹತ್ತಬೇಕೆಂದರೆ ನಾವು ಮೊದಲು ದಾವಣಗೆರೆಗೋ, ಹರಿಹರಕ್ಕೋ, ಶಿವಮೊಗ್ಗಕ್ಕೋ ಬಸ್ ಹಿಡಿಯಬೇಕು. ಆದರೆ ರೈಲ್ವೆ ಗ್ರೂಪ್ ‘ಡಿ’ ಅಧಿಸೂಚನೆ ಬಂದ ವಾರ ಇಲ್ಲಿನ ಸೈಬರ್ ಸೆಂಟರ್‌ಗಳ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಥವಾ ಐಟಿಐ ಆಗಿದ್ದರೆ ಸಾಕು, ಮೂಲ ವೇತನ 18 ಸಾವಿರ ರೂಪಾಯಿ, ಅದರ ಮೇಲೆ ಭತ್ಯೆಗಳು, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಬಿ.ಎ., ಬಿ.ಕಾಂ. ಮುಗಿಸಿದವರೂ ಅರ್ಜಿ ಹಾಕುತ್ತಾರೆ. ನಾನೂ ಹಾಕಿದವಳೇ. 2019ರಲ್ಲಿ 1,03,769 ಹುದ್ದೆಗಳಿಗೆ ದೇಶದಾದ್ಯಂತ ಒಂದು ಕೋಟಿಗೂ ಹೆಚ್ಚು ಅರ್ಜಿ ಬಂದಿದ್ದವು. 2025ರ ಜನವರಿಯ ಅಧಿಸೂಚನೆಯಲ್ಲಿ ಹುದ್ದೆಗಳು 32,438ಕ್ಕೆ ಇಳಿದವು. ಅರ್ಜಿ ಹಾಕುವವರು ಹಾಗೆ ಇಳಿಯಲಿಲ್ಲ.

ಅರ್ಜಿ ಹಾಕಿದ ಮರುದಿನದಿಂದ ನಮ್ಮಲ್ಲಿ ಶುರುವಾಗುವ ಚರ್ಚೆ ಗಣಿತ, ಸಾಮಾನ್ಯ ಜ್ಞಾನದ್ದಲ್ಲ, ತೂಕದ್ದು. “50 ಕೆ.ಜಿ. ಇಲ್ಲದಿದ್ದರೆ ಗ್ರೌಂಡ್‌ನಲ್ಲೇ ವಾಪಸ್ ಕಳಿಸ್ತಾರಂತೆ” ಎಂದು ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಅದನ್ನು 52 ಮಾಡುತ್ತಾರೆ. ಹಾಸ್ಟೆಲ್ ಕೋಣೆಗಳಲ್ಲಿ ಡಜನ್‌ಗಟ್ಟಲೆ ಬಾಳೆಹಣ್ಣು ಖಾಲಿಯಾಗುತ್ತವೆ. ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿಯ ಡಬ್ಬ ಬರುತ್ತದೆ, ಅದಕ್ಕೆ ಅಪ್ಪ ಹಣ ಹೊಂದಿಸುತ್ತಾನೆ. ಗ್ರೂಪ್ ‘ಡಿ’ ಅಧಿಸೂಚನೆಯನ್ನು ಮೊದಲಿಂದ ಕೊನೆಯವರೆಗೆ ಓದಿದರೆ ಅದರಲ್ಲಿ ಕನಿಷ್ಠ ತೂಕ ಎಂಬ ಅಂಕಿಯೇ ಸಿಗುವುದಿಲ್ಲ. ಎತ್ತರವನ್ನೂ ಕೇಳಿಲ್ಲ, ಎದೆ ಸುತ್ತಳತೆಯನ್ನೂ ಕೇಳಿಲ್ಲ.

ಈ ಗೊಂದಲ ಎಲ್ಲಿಂದ ಬಂತು ಎಂಬುದು ಊಹಿಸಲು ಕಷ್ಟವಿಲ್ಲ. ನಾವು ಒಂದೇ ವರ್ಷದಲ್ಲಿ ಪೊಲೀಸ್, ಆರ್‌ಪಿಎಫ್, ಸೇನೆ, ರೈಲ್ವೆ ಎಲ್ಲಕ್ಕೂ ಅರ್ಜಿ ಹಾಕುವವರು. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರಿಗೆ 168 ಸೆಂ.ಮೀ. ಎತ್ತರ, 86 ಸೆಂ.ಮೀ. ಎದೆ ಬೇಕು, ಮಹಿಳೆಯರಿಗೆ 157 ಸೆಂ.ಮೀ. ಎತ್ತರ, 45 ಕೆ.ಜಿ. ತೂಕ ಬೇಕು. ರೈಲ್ವೆ ರಕ್ಷಣಾ ಪಡೆಯಲ್ಲಿ ಸಾಮಾನ್ಯ ಮತ್ತು ಹಿಂದುಳಿದ ವರ್ಗದ ಪುರುಷರಿಗೆ 165 ಸೆಂ.ಮೀ. ಎತ್ತರ. ಇವೆಲ್ಲ ಕಲಸಿಹೋಗಿ, ಒಂದರ ನಿಯಮ ಇನ್ನೊಂದರ ಕೊರಳಿಗೆ ಬೀಳುತ್ತದೆ. ಕೋಚಿಂಗ್ ಸೆಂಟರ್‌ನವರು ಬಿಡಿಸಿ ಹೇಳಬಹುದು. ಎಲ್ಲರೂ ಹೇಳುವುದಿಲ್ಲ, ಗೊಂದಲ ಇದ್ದಷ್ಟು ದಿನ ‘ಫಿಸಿಕಲ್ ಬ್ಯಾಚ್’ ತುಂಬುತ್ತದಲ್ಲ!

ಹಾಗಾದರೆ ಗ್ರೂಪ್ ‘ಡಿ’ಗೆ ರೈಲ್ವೆ ಕೇಳುವುದೇನು? ಲಿಖಿತ ಪರೀಕ್ಷೆಯಲ್ಲಿ ಆಯ್ಕೆಯಾದ ಪುರುಷರು 35 ಕೆ.ಜಿ. ಭಾರ ಎತ್ತಿ, ಎಲ್ಲೂ ಕೆಳಗಿಡದೆ, 100 ಮೀಟರ್ ದೂರವನ್ನು 2 ನಿಮಿಷದೊಳಗೆ ಸಾಗಬೇಕು. ಆಮೇಲೆ 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಮಹಿಳೆಯರಿಗೆ ಭಾರ 20 ಕೆ.ಜಿ., ದೂರ ಮತ್ತು ಸಮಯ ಅಷ್ಟೇ. ಓಟಕ್ಕೆ 5 ನಿಮಿಷ 40 ಸೆಕೆಂಡು. ಎರಡಕ್ಕೂ ಒಂದೇ ಅವಕಾಶ. ಇದರಲ್ಲಿ ಅಂಕಗಳಿಲ್ಲ. ಪಾಸ್ ಅಥವಾ ಫೇಲ್.

ಸ್ವಲ್ಪ ಲೆಕ್ಕ ಹಾಕೋಣ. 100 ಮೀಟರಿಗೆ 2 ನಿಮಿಷ ಎಂದರೆ ಗಂಟೆಗೆ 3 ಕಿ.ಮೀ. ವೇಗ. ಸಂತೆಯಿಂದ ಚೀಲ ಹೊತ್ತು ಬರುವ ಅಜ್ಜಿ ಇದಕ್ಕಿಂತ ಬೇಗ ನಡೆಯುತ್ತಾಳೆ. ಸಮಯ ಇಲ್ಲಿ ಕಷ್ಟವಲ್ಲ, ಕೆಳಗಿಡಬಾರದು ಎಂಬುದೇ ಕಷ್ಟ. ಓಟದ ಕಥೆ ಬೇರೆ. 4 ನಿಮಿಷ 15 ಸೆಕೆಂಡಿಗೆ 1000 ಮೀಟರ್ ಎಂದರೆ 400 ಮೀಟರಿನ ಒಂದು ಸುತ್ತಿಗೆ 102 ಸೆಕೆಂಡು, ಅಂಥ ಎರಡೂವರೆ ಸುತ್ತು. ಮಹಿಳೆಯರಿಗೆ ಸುತ್ತಿಗೆ 136 ಸೆಕೆಂಡು. ಅಭ್ಯಾಸ ಇದ್ದವರಿಗೆ ಇದು ದೊಡ್ಡದಲ್ಲ. ಇಲ್ಲದವರು ಮೊದಲ ಸುತ್ತಿನಲ್ಲಿ ಜೋರಾಗಿ ಓಡಿ, ಎರಡನೆಯದರಲ್ಲಿ ಸೊಂಟ ಹಿಡಿದು ನಿಲ್ಲುತ್ತಾರೆ.

ನನ್ನ ಚಿಕ್ಕಪ್ಪನ ಮಗನ ತೂಕ 47 ಕೆ.ಜಿ. ಅವನಿಗೆ 35 ಕೆ.ಜಿ. ಎಂದರೆ ತನ್ನ ಮೈತೂಕದ ಮುಕ್ಕಾಲು ಪಾಲು. 75 ಕೆ.ಜಿ.ಯ ಹುಡುಗನಿಗೆ ಅದೇ ಮೂಟೆ ಅರ್ಧಕ್ಕಿಂತ ಕಡಿಮೆ. “ಇದು ಅನ್ಯಾಯ ಅಲ್ವೇನಕ್ಕ? ಮೈತೂಕ ನೋಡಿ ಮೂಟೆ ಕೊಡಬೇಕಿತ್ತು” ಎಂದು ಅವನು ಕೇಳಿದ. ನನಗೆ ಹಾಗನ್ನಿಸುವುದಿಲ್ಲ. ಈಗ ಹಾಕುವ ಹಳಿ ಮೀಟರಿಗೆ 60 ಕೆ.ಜಿ. ತೂಗುತ್ತದೆ. ಟ್ರ್ಯಾಕ್‌ಮನ್ ಗ್ಯಾಂಗ್ ಸಲಾಕೆ, ಜಾಕ್, ಸುತ್ತಿಗೆ ಹೊತ್ತು ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುತ್ತದೆ. ಎತ್ತುವವನು ಸಣ್ಣವನೆಂದು ಹಳಿ ಹಗುರವಾಗುವುದಿಲ್ಲ. ಅಲ್ಲದೆ ಯೂರಿಯಾ ಚೀಲವೇ 45 ಕೆ.ಜಿ. ಇರುತ್ತದೆ. ಜಗಳೂರಿನ ಕಡೆ ಮೆಕ್ಕೆಜೋಳದ ಮೂಟೆ ಟ್ರ್ಯಾಕ್ಟರಿಗೆ ಏರಿಸುವ, ಚನ್ನಗಿರಿಯಲ್ಲಿ ಅಡಿಕೆ ಚೀಲ ಹೊರುವ ಹುಡುಗರು ಎಷ್ಟು ಕೆ.ಜಿ. ಇರುತ್ತಾರೆ ನೋಡಿ. ಸಣಕಲು ಮೈಯವರೇ ಹೆಚ್ಚು. ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ‘ಅನರ್ಹ’ ಎಂದು ಬರೆಯುವುದಕ್ಕಿಂತ, ಮೂಟೆ ಕೊಟ್ಟು ಹೊತ್ತು ತೋರಿಸು ಎನ್ನುವುದು ಎಷ್ಟೋ ಮೇಲು. ಮೈ ಹೇಗಿದೆ ಎಂದು ಕೇಳದೆ ಕೆಲಸ ಆಗುತ್ತದೆಯೇ ಎಂದು ಕೇಳುವ ಈ ಪದ್ಧತಿ ನಮ್ಮಂಥ ಬಡ ತಾಲ್ಲೂಕುಗಳ ಮಕ್ಕಳಿಗೆ ಅನುಕೂಲವೇ ಆಗಿದೆ. 45 ಕೆ.ಜಿ. ಇಲ್ಲ ಎಂಬ ಕಾರಣಕ್ಕೆ ಪೊಲೀಸ್ ಆಯ್ಕೆಯಿಂದ ಹೊರಬಿದ್ದ ಹುಡುಗಿಯೂ ಇಲ್ಲಿ 20 ಕೆ.ಜಿ. ಹೊತ್ತು ನಡೆದರೆ ಗೆದ್ದಂತೆ.

ನನ್ನ ತಕರಾರು ಇರುವುದು ‘ಒಂದೇ ಅವಕಾಶ’ದ ಬಗ್ಗೆ. ಪೊಲೀಸ್ ನೇಮಕಾತಿಯಲ್ಲಿ ಉದ್ದಜಿಗಿತಕ್ಕೆ, ಗುಂಡು ಎಸೆತಕ್ಕೆ ಮೂರು ಅವಕಾಶ ಇರುತ್ತದೆ. ಇಲ್ಲಿ ಮೂಟೆ ಹೆಗಲಿಂದ ಒಮ್ಮೆ ಜಾರಿದರೆ ಮುಗಿಯಿತು. ಓಟಕ್ಕೆ ಎರಡನೇ ಅವಕಾಶ ಕೊಡುವುದು ಕಷ್ಟ, ಒಪ್ಪೋಣ. ಮೂಟೆಗೆ ಕೊಡಲು ಎರಡು ನಿಮಿಷ ಸಾಕು.

ಅದಕ್ಕಿಂತ ದೊಡ್ಡ ತಕರಾರು ಕಾಲದ್ದು. 2019ರ ಮಾರ್ಚ್–ಏಪ್ರಿಲ್‌ನಲ್ಲಿ ಅರ್ಜಿ ಹಾಕಿಸಿಕೊಂಡ ಪರೀಕ್ಷೆ ನಡೆದದ್ದು 2022ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮಧ್ಯೆ ಕೊರೊನಾ ಬಂತು ನಿಜ. ಆದರೆ 20ನೇ ವಯಸ್ಸಿನಲ್ಲಿ ಅರ್ಜಿ ಹಾಕಿದವನು 23 ಆಗುವ ತನಕ ಯಾವ ಬೆಳಿಗ್ಗೆ ಓಡಬೇಕು, ಯಾವ ಬೆಳಿಗ್ಗೆ ಕೂಲಿಗೆ ಹೋಗಬೇಕು? ಓದಿದ್ದು ಪುಸ್ತಕದಲ್ಲಿ ಇರುತ್ತದೆ, ಮತ್ತೆ ತೆರೆಯಬಹುದು. ದಮ್ಮು ಹಾಗಲ್ಲ, ಎರಡು ತಿಂಗಳು ಬಿಟ್ಟರೆ ಹೋಗಿಬಿಡುತ್ತದೆ. ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಓಡಲು ಶುರು ಮಾಡಿ ಮೊಣಕಾಲು ನೋವು ತಂದುಕೊಂಡವರು ನಮ್ಮಲ್ಲಿ ಬಹಳ.

ಇನ್ನು ಕಣ್ಣಿನ ವಿಷಯ. ತೂಕದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳುವ ನಾವು ಇದರ ಬಗ್ಗೆ ಮಾತೇ ಆಡುವುದಿಲ್ಲ. ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ದಾಖಲೆ ಪರಿಶೀಲನೆ ಎಲ್ಲ ಮುಗಿದ ಮೇಲೆ ವೈದ್ಯಕೀಯ ಪರೀಕ್ಷೆ. ಮನೆಯಲ್ಲಿ ಸಿಹಿ ಹಂಚಿ ಆಗಿರುತ್ತದೆ. ಜಗಳೂರು ತಾಲ್ಲೂಕಿನ ನನ್ನ ಪರಿಚಯದ ಒಬ್ಬ ಅಣ್ಣ ಅಲ್ಲಿಯ ತನಕ ಹೋಗಿ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಪುಸ್ತಕದ ಮುಂದೆ ಸೋತ. ಕೆಂಪು–ಹಸಿರು ತನಗೆ ಬೇರೆ ಥರ ಕಾಣುತ್ತದೆ ಎಂಬುದು 26 ವರ್ಷ ಅವನಿಗೇ ಗೊತ್ತಿರಲಿಲ್ಲ. ಯಾರೂ ಪರೀಕ್ಷಿಸಿರಲಿಲ್ಲ. ಸಿಗ್ನಲ್ ನೋಡುವ ಕೆಲಸಕ್ಕೆ ಬಣ್ಣ ಗೊತ್ತಾಗಲೇಬೇಕು, ಅದರಲ್ಲಿ ರಿಯಾಯಿತಿ ಕೇಳುವಂತಿಲ್ಲ. ಆದರೆ ಎಲ್ಲ ಹುದ್ದೆಗೂ ಅದು ಬೇಕಿಲ್ಲ ಎಂಬುದು ನಮಗೆ ಗೊತ್ತಿರಬೇಕು.

ರೈಲ್ವೆ ತನ್ನ ಹುದ್ದೆಗಳನ್ನು ಎ–1, ಎ–2, ಎ–3, ಬಿ–1, ಬಿ–2, ಸಿ–1, ಸಿ–2 ಎಂದು ವಿಂಗಡಿಸಿದೆ. ಸಹಾಯಕ ಲೋಕೋ ಪೈಲಟ್ ಎ–1ರಲ್ಲಿ ಬರುತ್ತದೆ: ಕನ್ನಡಕವಿಲ್ಲದೆ ಎರಡೂ ಕಣ್ಣು 6/6 ಇರಬೇಕು, ಲೇಸಿಕ್ ಮಾಡಿಸಿಕೊಂಡವರಿಗೆ ಅವಕಾಶವಿಲ್ಲ. ಪಾಯಿಂಟ್ಸ್‌ಮನ್ ಎ–2, ಕನ್ನಡಕವಿಲ್ಲದೆ 6/9. ಎ–3ರಲ್ಲಿ ಕನ್ನಡಕ ಇರಬಹುದು, ಪವರ್ 2 ದಾಟುವಂತಿಲ್ಲ. ಕಾರ್ಯಾಗಾರದ ಸಹಾಯಕರಂಥ ಹುದ್ದೆಗಳು ಸಿ–1. ಅಲ್ಲಿ ದೃಷ್ಟಿಯ ಮಟ್ಟ ಸಡಿಲ, ಬಣ್ಣದ ಪರೀಕ್ಷೆಯ ಷರತ್ತೂ ಇಲ್ಲ. ಹುದ್ದೆಗಳ ಆದ್ಯತೆಯನ್ನು ನಾವೇ ಬರೆದುಕೊಡುತ್ತೇವೆ. ವೈದ್ಯಕೀಯದಲ್ಲಿ ಫೇಲಾದರೆ ಬದಲಿ ಹುದ್ದೆ ಕೊಡುವುದಿಲ್ಲ ಎಂದು ಅಧಿಸೂಚನೆಯಲ್ಲೇ ಇದೆ. ಆ ಅಣ್ಣನಿಗೆ ಅರ್ಜಿ ಹಾಕುವ ಮುಂಚೆಯೇ ತನ್ನ ಕಣ್ಣಿನ ಸ್ಥಿತಿ ಗೊತ್ತಿದ್ದಿದ್ದರೆ ಸಿ–1 ಹುದ್ದೆಗಳನ್ನು ಮೊದಲು ಬರೆಯುತ್ತಿದ್ದ. ದಪ್ಪ ಕನ್ನಡಕ ಹಾಕಿಕೊಂಡು ವರ್ಷಗಟ್ಟಲೆ ಲೋಕೋ ಪೈಲಟ್ ಪರೀಕ್ಷೆಗೆ ಓದುತ್ತಿರುವವರನ್ನೂ ನಾನು ಕಂಡಿದ್ದೇನೆ. ಅವರಿಗೆ ಹೇಳುವುದು ಹೇಗೆ ಎಂದು ತಿಳಿಯದೆ ಸುಮ್ಮನಾಗಬಾರದು, ಹೇಳಿಬಿಡಬೇಕು.

ಬಣ್ಣದ ಪರೀಕ್ಷೆಗೆ ಹಿಡಿಯುವುದು ಐದು ನಿಮಿಷ. ಪ್ರತಿ ಪದವಿ ಕಾಲೇಜಿನಲ್ಲೂ ಎನ್ನೆಸ್ಸೆಸ್ ಘಟಕ ಇದೆ, ರಕ್ತದಾನ ಶಿಬಿರ ಮಾಡುತ್ತದೆ. ಅದೇ ದಿನ ಕಣ್ಣಿನ ವೈದ್ಯರೊಬ್ಬರನ್ನು ಕರೆಸಿ ಮೊದಲ ವರ್ಷದ ವಿದ್ಯಾರ್ಥಿಗಳನ್ನೆಲ್ಲ ಪರೀಕ್ಷಿಸಿದರೆ ಎಷ್ಟೋ ಮನೆಗಳ ಮೂರು–ನಾಲ್ಕು ವರ್ಷ ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದ್ದೇ ಇದೆ.

ಹುಡುಗಿಯರ ಕಷ್ಟ ಇನ್ನೊಂದು ಬಗೆಯದು. 20 ಕೆ.ಜಿ. ಹೊರುವುದು ನಮಗೆ ಹೊಸದಲ್ಲ, ತುಂಬಿದ ಎರಡು ಕೊಡ ಅದಕ್ಕಿಂತ ಭಾರ. ಓಟವೇ ತೊಡಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲದವಳು ಎಷ್ಟು ಹಟ ಹಿಡಿದರೂ ಮೂರನೇ ಸುತ್ತಿಗೆ ಕಣ್ಣು ಕತ್ತಲೆ ಬರುತ್ತದೆ. ಅವಳಿಗೆ ಬೇಕಿರುವುದು ಪ್ರೋಟೀನ್ ಡಬ್ಬವಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುವ ಕಬ್ಬಿಣಾಂಶದ ಮಾತ್ರೆ, ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಉಳಿದದ್ದನ್ನು ತಿನ್ನುವ ಪದ್ಧತಿಗೆ ಒಂದು ರಜೆ.

ಓಡಲು ಜಾಗವೂ ಬೇಕು. ನ್ಯಾಮತಿಯಲ್ಲಿ ನಾನು ಮತ್ತು ಇನ್ನಿಬ್ಬರು ಗೆಳತಿಯರು ಓಡುವುದು ಒಂದು ಶಾಲೆಯ ಮೈದಾನದಲ್ಲಿ. ಹಗ್ಗ ಹಿಡಿದು ಅಳೆದಾಗ ಒಂದು ಸುತ್ತು 210 ಮೀಟರ್ ಬಂತು, ಐದು ಸುತ್ತು ಹಾಕಿದರೆ ಸಾವಿರ ದಾಟುತ್ತದೆ. ಬೆಳಿಗ್ಗೆ ಐದೂವರೆಗೆ ಒಬ್ಬಳ ತಮ್ಮ ಬೈಕಿನಲ್ಲಿ ನಮ್ಮ ಹಿಂದೆ ಬಂದು ಗೇಟಿನ ಹತ್ತಿರ ಕೂರುತ್ತಾನೆ. ಮಳೆ ಬಂದ ವಾರ ಓಟ ಇಲ್ಲ, ಮೈದಾನ ಕೆಸರು. ಹಳೆಯ ಯೂರಿಯಾ ಚೀಲಕ್ಕೆ ಮರಳು ತುಂಬಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ 20 ಕೆ.ಜಿ. ತೂಗಿಸಿ ಇಟ್ಟುಕೊಂಡಿದ್ದೇವೆ. ಅಂಗಡಿಯವರು ಮೊದಲು ನಕ್ಕರು, ಈಗ “ಎಷ್ಟು ನಿಮಿಷಕ್ಕೆ ಬಂದಿದೆಯಮ್ಮ?” ಎಂದು ಕೇಳುತ್ತಾರೆ. ನನ್ನದು ಮೊದಲ ವಾರ 7 ನಿಮಿಷದ ಮೇಲಿತ್ತು, ಈಗ 5 ನಿಮಿಷ 55 ಸೆಕೆಂಡು.

ಚನ್ನಗಿರಿಯಿಂದ ಜಗಳೂರಿನವರೆಗೆ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಮೈದಾನಕ್ಕೆ ಸುಣ್ಣದಲ್ಲಿ 400 ಮೀಟರ್ ಗುರುತು ಹಾಕಿ, ಎರಡು ದೀಪ ಹಾಕಿ, 35 ಮತ್ತು 20 ಕೆ.ಜಿ.ಯ ಎರಡು ಮರಳು ಮೂಟೆ ಇಡಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ನಾವೂ ಸ್ಥಳೀಯ ಆಡಳಿತಕ್ಕೆ, ಯುವಜನ ಇಲಾಖೆಗೆ ಅರ್ಜಿ ಕೊಟ್ಟು ಕೇಳಬೇಕು. ಉದ್ಯೋಗಕ್ಕೆ ಅಷ್ಟೊಂದು ಅರ್ಜಿ ಬರೆಯುವವರು ಇದೊಂದನ್ನೂ ಬರೆಯಬಹುದು. ನಾವು ಮೂವರು ಬರೆದು ಕೊಟ್ಟು ಬಂದಿದ್ದೇವೆ. ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಅಷ್ಟರೊಳಗೆ ನಾನು ಆ 15 ಸೆಕೆಂಡು ಇಳಿಸಬೇಕು.