ಮೆಟ್ರೋ ಬಂತು, ಬಾಡಿಗೆದಾರರು ಹೊರಟರು

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಮೆಟ್ರೋ ಕಂಬ ಎದ್ದಿತೆಂದರೆ ಬಾಡಿಗೆಯೂ ಏಳತೊಡಗುತ್ತದೆ. ರೈಲು ಓಡುವ ಹೊತ್ತಿಗೆ ಅಲ್ಲಿದ್ದ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿರುತ್ತವೆ. 2011ರಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೊದಲ ರೈಲು ಓಡಿತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಇಷ್ಟು ವರ್ಷಗಳಲ್ಲಿ ಸರ್ಕಾರ ನಿಲ್ದಾಣ ಕಟ್ಟಿತೇ ಹೊರತು, ಅದರ ಪಕ್ಕದಲ್ಲಿ ಯಾರು ಬಾಳಬಲ್ಲರು ಎಂದು ಯೋಚಿಸಲಿಲ್ಲ. ಜನರ ದುಡ್ಡಿನಿಂದ ಏರಿದ ಜಾಗದ ಬೆಲೆಯಲ್ಲಿ ಜನರಿಗೂ ಪಾಲು ಸಿಗಬೇಕು. ಆ ಪಾಲು ಕೈಗೆಟಕುವ ಬಾಡಿಗೆ ಮನೆಗಳ ರೂಪದಲ್ಲಿ ಬರಬೇಕು.

ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದ ಎರಡು ಕೋಣೆಯ ಮನೆಗೆ ತಿಂಗಳಿಗೆ 25,000 ರೂಪಾಯಿ ಎಂದುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಎರಡೂವರೆ ಲಕ್ಷ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಸೇರಿಸಿ; ಬೀಗದ ಕೈ ಸಿಗುವ ಮುಂಚೆಯೇ ಮೂರು ಲಕ್ಷ ಕರಗಿತು. ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು. ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತೂ ಅದರಲ್ಲಿರುತ್ತದೆ. ಇಷ್ಟಕ್ಕೆ ಒಪ್ಪಿದರೂ ನೀವು ಯಾವ ಪೈಕಿ, ಮಾಂಸ ತಿನ್ನುತ್ತೀರಾ, ಊರಿಂದ ಅಪ್ಪ ಅಮ್ಮ ಬಂದರೆ ಎಷ್ಟು ದಿನ ಇರುತ್ತಾರೆ ಎಂಬ ವಿಚಾರಣೆ ತಪ್ಪದು. ಸಂಸಾರಕ್ಕೆ ಕೊಡುವುದಕ್ಕಿಂತ ಕೋಣೆಗೆ ಮೂವರಂತೆ ಹಾಕಿದರೆ ಹೆಚ್ಚು ಹುಟ್ಟುತ್ತದೆಂದು ಮನೆಗಳೇ ಪಿ.ಜಿ.ಗಳಾಗುತ್ತಿವೆ.

ದೂರ ಹೋದ ಸಂಸಾರಕ್ಕೆ ಬಾಡಿಗೆಯಲ್ಲಿ ಉಳಿದದ್ದು ಪೆಟ್ರೋಲಿಗೆ, ಸ್ಕೂಟರ್ ಸಾಲದ ಕಂತಿಗೆ ಸರಿಹೋಗುತ್ತದೆ. ಮಕ್ಕಳ ಶಾಲೆ ಬದಲಾಗುತ್ತದೆ. 2023ರಲ್ಲಿ ಬಂದ ಶಕ್ತಿ ಯೋಜನೆ ಹೆಂಗಸರ ಬಸ್ ಟಿಕೆಟ್ ದುಡ್ಡು ಉಳಿಸಿತು, ಒಳ್ಳೆಯದೇ. ಆದರೆ ಎರಡು ಬಸ್ಸು ಬದಲಿಸಿ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಬೆಳಗಿನ ನಿದ್ದೆಯನ್ನು ಅದು ಮರಳಿಸಲಾರದು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗಲೂ ಬರೆ ಬಿದ್ದದ್ದು ದೂರದಲ್ಲಿರುವವರಿಗೇ.

ಕಾನೂನಿನ ಆಸರೆಯೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಇಂದು ಸಂಸಾರಕ್ಕೊಂದು ಮನೆ ಎಲ್ಲಿದೆ? ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಈ ಮಿತಿಯನ್ನು ನಮ್ಮ ರಾಜ್ಯ ಕಡ್ಡಾಯ ಮಾಡಬೇಕು.

ಇನ್ನು ವಸತಿ ಯೋಜನೆಗಳು. ಮುಖ್ಯಮಂತ್ರಿಗಳ ಒಂದು ಲಕ್ಷ ಬಹುಮಹಡಿ ವಸತಿ ಯೋಜನೆಯೂ ಮನೆ ಕೊಳ್ಳುವವರಿಗೇ. ವಂತಿಗೆ, ಸಾಲ ಹೊಂದಿಸಲಾಗದವರು ಏನು ಮಾಡಬೇಕು? ವಿಯೆನ್ನಾ ನಗರದ ಸುಮಾರು ಅರ್ಧದಷ್ಟು ಜನ ಪಾಲಿಕೆಯ ಅಥವಾ ಸರ್ಕಾರಿ ನೆರವಿನ ಮನೆಗಳಲ್ಲಿದ್ದಾರೆ. ಅಷ್ಟು ದೂರದ ಗುರಿ ಬೇಡ. ನಿಲ್ದಾಣದ ಸುತ್ತ ಬಿಲ್ಡರ್‌ಗೆ ಹೆಚ್ಚುವರಿ ಮಹಡಿ ಕಟ್ಟಲು ಬಿಡುವಾಗ, ಅದರಲ್ಲಿ ಒಂದು ಪಾಲನ್ನು ಮಿತ ಬಾಡಿಗೆಗೆ ಸಂಸಾರಗಳಿಗೆ ಕೊಡಬೇಕೆಂಬ ಷರತ್ತು ಹಾಕಲಿ. ನಿಲ್ದಾಣ, ಡಿಪೋ ಬಳಿಯ ಸರ್ಕಾರಿ ಜಾಗದಲ್ಲಿ ಮಾಲ್, ಕಚೇರಿಗಳಿಗಿಂತ ಮೊದಲು ಬಾಡಿಗೆ ಮನೆ ಏಳಲಿ.

ಬಾಡಿಗೆ ನಂಬಿ ಬದುಕುವ ನಿವೃತ್ತ ಮಾಲೀಕರ ಗತಿಯೇನು ಎಂಬ ಆತಂಕ ನ್ಯಾಯವಾದದ್ದು. ಅವರ ಬಾಡಿಗೆ ಇಳಿಸಿ ಎಂದು ಯಾರೂ ಕೇಳುತ್ತಿಲ್ಲ. ಬಾಡಿಗೆ ಬಾಕಿ ಉಳಿದರೆ ಬೇಗ ತೀರ್ಪು ಕೊಡುವ ವ್ಯವಸ್ಥೆ ಅವರಿಗೂ ಬೇಕು. ಅದಿದ್ದರೆ ಲಕ್ಷಗಟ್ಟಲೆ ಅಡ್ವಾನ್ಸ್ ಹಿಡಿದಿಟ್ಟುಕೊಳ್ಳುವ ಅಗತ್ಯವೇ ಇರದು.

ಇದನ್ನೆಲ್ಲ ಕೇಳಬೇಕಾದದ್ದು ಚುನಾವಣೆಯಲ್ಲಿ. ಬೆಂಗಳೂರಿಗೆ ಈಗ ಐದು ನಗರಪಾಲಿಕೆಗಳಿವೆ. ಆದರೆ ಮನೆ ಬದಲಿಸಿದಾಗಲೆಲ್ಲ ಮತದಾರರ ಪಟ್ಟಿಯಿಂದ ಜಾರಿಹೋಗುವ ಬಾಡಿಗೆದಾರರನ್ನು ಪಕ್ಷಗಳು ಲೆಕ್ಕಕ್ಕೇ ಇಟ್ಟಿಲ್ಲ. ಬಾಡಿಗೆದಾರರು ಇದ್ದ ವಾರ್ಡಿನಲ್ಲೇ ಹೆಸರು ಸೇರಿಸಬೇಕು. ನಿಲ್ದಾಣದ ಹತ್ತಿರ ಎಷ್ಟು ಬಾಡಿಗೆ ಮನೆ ಕಟ್ಟಿಸುತ್ತೀರಿ, ಯಾವಾಗ ಎಂದು ಮತ ಕೇಳಲು ಬಂದವರನ್ನು ಕೇಳಬೇಕು. ಉತ್ತರ ಕೊಡದವರಿಗೆ ಮತ ಕೊಡಬಾರದು.