ಕ್ಲಬ್ ಮೊದಲೋ, ದೇಶ ಮೊದಲೋ?

ಫುಟ್‌ಬಾಲ್ ಹುಚ್ಚಿರುವ ನಾಲ್ಕು ಮಂದಿ ಕ್ಯಾಂಟೀನಿನಲ್ಲಿ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: ನಿನಗೆ ಕ್ಲಬ್ ಮೊದಲೋ, ದೇಶ ಮೊದಲೋ? ನಮ್ಮ ಕಾಲೇಜಿನ ಕ್ರೀಡಾಕೂಟದ ದಿನ ಮೈದಾನದ ಸುತ್ತ ಒಮ್ಮೆ ಕಣ್ಣು ಹಾಯಿಸಿ. ರಿಯಲ್ ಮ್ಯಾಡ್ರಿಡ್‌ನ ಬಿಳಿ, ಬಾರ್ಸಿಲೋನಾದ ಕೆಂಪು-ನೀಲಿ, ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು. ರೊನಾಲ್ಡೊ ಸೌದಿಗೆ ಹೋದ ಮೇಲೆ ಅಲ್ ನಸ್ರ್‌ನ ಹಳದಿ ಜೆರ್ಸಿಯೂ ಬಂದಿದೆ. ಕರಾವಳಿಯವರಾದ ನಮ್ಮಲ್ಲಿ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳಿಗೂ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೂ ಕೊರತೆಯಿಲ್ಲ. ಭಾರತ ತಂಡದ ಜೆರ್ಸಿ ತೊಟ್ಟವರನ್ನು ಮಾತ್ರ ಹುಡುಕಬೇಕು.

ಇದನ್ನು ನೋಡಿ ಕೆಲವರು, ಈಗಿನ ಹುಡುಗರಿಗೆ ದೇಶಕ್ಕಿಂತ ಕ್ಲಬ್ಬೇ ದೊಡ್ಡದಾಗಿದೆ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ದೂರು ತಪ್ಪು ಜಾಗಕ್ಕೆ ಬೊಟ್ಟು ಮಾಡುತ್ತಿದೆ. ಕ್ಲಬ್ ಮೇಲಿನ ಪ್ರೀತಿ ದೇಶದ ತಂಡಕ್ಕೆ ಎಂದೂ ಶತ್ರುವಾಗಿಲ್ಲ. ನಮ್ಮ ಪ್ರೀತಿಯೆಲ್ಲ ಮೊಬೈಲ್ ಪರದೆಯಲ್ಲೇ ಮುಗಿದು ಹೋಗಿ, ನಮ್ಮ ಹತ್ತಿರದ ಮೈದಾನಗಳು ಖಾಲಿ ಉಳಿಯುತ್ತಿರುವುದೇ ನಿಜವಾದ ತೊಂದರೆ.

2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆ ವಿರುದ್ಧ ಆಡಿತು. ಭಾರತ 5-0ರಿಂದ ಗೆದ್ದಿತು, ನಾಯಕ ಸುನಿಲ್ ಛೆತ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದವರು 2,569 ಮಂದಿ ಮಾತ್ರ. ಮರುದಿನ ಛೆತ್ರಿ ಒಂದು ವಿಡಿಯೊ ಮಾಡಿ ಕೈಮುಗಿದು ಕೇಳಿಕೊಂಡರು. ಯುರೋಪಿನ ಕ್ಲಬ್‌ಗಳ ಅಭಿಮಾನಿಗಳನ್ನು ಉದ್ದೇಶಿಸಿ ಅವರು ಹೇಳಿದ ಮಾತಿನ ಸಾರ ಇಷ್ಟು: ನಾವು ಆ ಮಟ್ಟದಲ್ಲಿಲ್ಲ, ಒಪ್ಪುತ್ತೇವೆ. ಆದರೂ ಸ್ಟೇಡಿಯಂಗೆ ಬನ್ನಿ. ಬೈಯುವುದಿದ್ದರೆ ಅಲ್ಲಿಗೇ ಬಂದು ಬೈಯಿರಿ. ಜೂನ್ 4ರಂದು ಕೀನ್ಯಾ ವಿರುದ್ಧ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಮಳೆ ಸುರಿಯುತ್ತಿದ್ದರೂ ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು. ಭಾರತ 3-0ರಿಂದ ಗೆದ್ದಿತು. ನಿಮ್ಮ ಕ್ಲಬ್ ಬಿಟ್ಟುಬಿಡಿ ಎಂದು ಛೆತ್ರಿ ಹೇಳಲಿಲ್ಲ ಎಂಬುದನ್ನು ಗಮನಿಸಿ. ಅವರು ಕೇಳಿದ್ದು ನಮ್ಮ ಎರಡು ಗಂಟೆಯ ಸಮಯವನ್ನು ಮಾತ್ರ.

ಕ್ಲಬ್ ಮತ್ತು ದೇಶದ ಸಂಬಂಧ ಏನೆಂದು ತಿಳಿಯಲು ಯುರೋಪಿಗೆ ಹೋಗಬೇಕಾಗಿಲ್ಲ, ಬೆಂಗಳೂರಿನ ಇತಿಹಾಸವೇ ಸಾಕು. ಮುಂಬೈನ ರೋವರ್ಸ್ ಕಪ್ 1891ರಲ್ಲಿ ಶುರುವಾದಾಗಿನಿಂದ ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಮೂರನೇ ಸಲ. ಇದೇ ಕ್ಲಬ್‌ನಲ್ಲಿ ಆಡಿ ಬೆಳೆದವರು ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುತೇಕರು ಬರಿಗಾಲಲ್ಲೇ ಆಡಿದ ಸ್ವತಂತ್ರ ಭಾರತದ ತಂಡದಲ್ಲಿ ಅವರಿದ್ದರು. ಆ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ.

ಮುಂದೆ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಐವರೂ ದಕ್ಷಿಣ ಭಾರತದವರು. ಬಂಗಾಳಿ ಅಭಿಮಾನಿಗಳು ಅವರನ್ನು ಕರೆದದ್ದು ಪಂಚಪಾಂಡವರು ಎಂದು! 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ಅಹ್ಮದ್ ಖಾನ್ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದು. ಬೆಂಗಳೂರು ಮುಸ್ಲಿಮ್ಸ್ ಪರ ಕೂಗಿದ ಜನ ದೇಶವನ್ನು ಮರೆತವರಾಗಿದ್ದರೇ? ಅವರು ಅಂದು ಟಿಕೆಟ್ ಕೊಂಡು ಕೂಗಿದ್ದರಿಂದಲೇ ದೇಶಕ್ಕೊಬ್ಬ ಆಟಗಾರ ಸಿಕ್ಕ. ಗಿಡಕ್ಕೆ ನೀರು ಹಾಕದೆ ಹಣ್ಣು ಕೇಳಲು ಆಗುವುದಿಲ್ಲ.

ಹಾಗಾದರೆ ಕ್ಲಬ್ ಅಭಿಮಾನದಿಂದ ಕೆಡುಕೇ ಇಲ್ಲವೇ? ಇದೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿದೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ಪ್ಲೇಆಫ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆತ್ರಿ ಫ್ರೀಕಿಕ್ ಹೊಡೆದರು, ಗೋಲಾಯಿತು. ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಆಮೇಲೆ ಫೆಡರೇಶನ್ ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಅದು ಸರಿಯಾದ ಗೋಲೋ ಅಲ್ಲವೋ ಎಂಬ ಜಗಳ ನಮ್ಮ ಹಾಸ್ಟೆಲಿನಲ್ಲಿ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ. ಅಂಥ ಜಗಳವಿಲ್ಲದೆ ಫುಟ್‌ಬಾಲ್‌ಗೆ ರುಚಿ ಎಲ್ಲಿದೆ? ಆದರೆ ಆ ದಿನಗಳಲ್ಲಿ ಜಾಲತಾಣಗಳಲ್ಲಿ ಭಾರತದ ನಾಯಕನ ಮೇಲೆ ಸುರಿದ ಬೈಗುಳ ಆಟದ ಜಗಳವಾಗಿರಲಿಲ್ಲ.

ನಾಲ್ಕು ತಿಂಗಳ ನಂತರ, ಜುಲೈ 4ರಂದು, ಅದೇ ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಎದುರಾಳಿ ಕುವೈತ್ ಮೊದಲು ಗೋಲು ಹೊಡೆದಿತ್ತು. ಬೆಂಗಳೂರಿನ ಛೆತ್ರಿ ಚೆಂಡನ್ನು ಬ್ಲಾಸ್ಟರ್ಸ್‌ನ ಸಹಲ್ ಅಬ್ದುಲ್ ಸಮದ್ ಕಡೆಗೆ ಕಳಿಸಿದರು. ಸಹಲ್ ಅದನ್ನು ಮುಂಬೈ ಸಿಟಿಯ ಛಾಂಗ್ಟೆಗೆ ಕೊಟ್ಟರು. ಛಾಂಗ್ಟೆ ಗೋಲು ಹೊಡೆದರು. ಮೂರು ಕ್ಲಬ್, ಒಂದು ಗೋಲು. ಕೊನೆಗೆ ಪೆನಾಲ್ಟಿಯಲ್ಲಿ ಭಾರತ 5-4ರಿಂದ ಕಪ್ ಗೆದ್ದಿತು. ಮಾರ್ಚ್‌ನ ಸಿಟ್ಟನ್ನು ಆಟಗಾರರು ಜುಲೈಗೆ ಹೊತ್ತು ತರಲಿಲ್ಲ. ಸ್ಪೇನ್‌ನಲ್ಲೂ ಹೀಗೆಯೇ ಆಗಿತ್ತು. 2011ರಲ್ಲಿ ರಿಯಲ್-ಬಾರ್ಸಾ ಪಂದ್ಯಗಳ ಕಹಿ ರಾಷ್ಟ್ರೀಯ ತಂಡದೊಳಕ್ಕೂ ಇಳಿಯತೊಡಗಿದಾಗ, ರಿಯಲ್‌ನ ಕಸಿಯಾಸ್ ತಾವಾಗಿಯೇ ಬಾರ್ಸಾದ ಜಾವಿಗೆ ಫೋನ್ ಮಾಡಿದರು. ಮರುವರ್ಷ ಸ್ಪೇನ್ ಯುರೋ ಕಪ್ ಗೆದ್ದಿತು. ಆಟಗಾರರಿಗೆ ಸಾಧ್ಯವಾದದ್ದು ಅಭಿಮಾನಿಗಳಾದ ನಮಗೆ ಯಾಕೆ ಆಗಬಾರದು?

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅಭಿಮಾನಿಗಳಿಗಿಂತ ಹೆಚ್ಚಾಗಿ ಕ್ಲಬ್ ಮತ್ತು ಫೆಡರೇಶನ್‌ಗಳೇ ಕೆಲವೊಮ್ಮೆ ದೇಶದ ತಂಡವನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಇತ್ತು. ಅದೇ ವಾರ ಐಎಸ್‌ಎಲ್ ಕೂಡ ಶುರು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಫಿಫಾ ನಿಗದಿ ಮಾಡಿದ ಅಂತರರಾಷ್ಟ್ರೀಯ ಪಂದ್ಯಗಳ ದಿನಗಳಲ್ಲಿ ಬರುವುದಿಲ್ಲ. ಆದ್ದರಿಂದ ಆಟಗಾರರನ್ನು ಬಿಟ್ಟುಕೊಡಲೇಬೇಕೆಂಬ ಕಟ್ಟುಪಾಡು ಕ್ಲಬ್‌ಗಳಿಗೆ ಇರಲಿಲ್ಲ. ಹಲವು ಕ್ಲಬ್‌ಗಳು ಬಿಡಲಿಲ್ಲ. ಕೊನೆಗಳಿಗೆಯಲ್ಲಿ ಹೇಗೋ ಜೋಡಿಸಿದ ತಂಡ ಪಂದ್ಯದ ಹಿಂದಿನ ದಿನವಷ್ಟೇ ಅಲ್ಲಿಗೆ ತಲುಪಿತು. ಮರುದಿನ ಚೀನಾ ಎದುರು 5-1ರಿಂದ ಸೋತಿತು. ಸಂಬಳ ಕೊಡುವವರು ನಾವು, ಗಾಯವಾದರೆ ನಷ್ಟವೂ ನಮ್ಮದೇ ಎಂಬ ಕ್ಲಬ್‌ಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಲೀಗ್ ವೇಳಾಪಟ್ಟಿ ಹಾಕುವವರ ಎದುರು ಏಷ್ಯನ್ ಗೇಮ್ಸ್‌ನ ದಿನಾಂಕವೂ ಇತ್ತಲ್ಲವೇ? ಇಂಥ ವಿಷಯಕ್ಕೆ ಅಭಿಮಾನಿಗಳ ದೇಶಪ್ರೇಮವನ್ನು ದೂರುವುದು ಅನ್ಯಾಯ.

ಕ್ಲಬ್ ಬಿದ್ದರೆ ದೇಶದ ತಂಡ ಮೇಲೇಳುತ್ತದೆ ಎಂದು ಯಾರಾದರೂ ತಿಳಿದಿದ್ದರೆ 2025ನೇ ಇಸವಿಯನ್ನು ನೋಡಲಿ. ಜುಲೈನಲ್ಲಿ ಒಪ್ಪಂದದ ಬಿಕ್ಕಟ್ಟಿನಿಂದ ಐಎಸ್‌ಎಲ್ ಹೊಸ ಸೀಸನ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಭಾರತ ಸಿಂಗಾಪುರದ ಎದುರು 2-1ರಿಂದ ಸೋತು 2027ರ ಏಷ್ಯಾ ಕಪ್‌ನ ದಾರಿಯಿಂದ ಹೊರಬಿದ್ದಿತು. ಸೋಲಿಗೆ ಕಾರಣ ಅದೊಂದೇ ಎಂದು ನಾನು ಹೇಳುವುದಿಲ್ಲ. ಆದರೆ ಲೀಗ್ ಇಲ್ಲದ ಆಟಗಾರ ದೇಶಕ್ಕಾಗಿ ಎಲ್ಲಿ ತಯಾರಾಗಬೇಕು?

ಅದೇ ವರ್ಷ ಜುಲೈ 5ರಂದು ನಮ್ಮ ಮಹಿಳಾ ತಂಡ ಥಾಯ್ಲೆಂಡ್‌ಗೆ ಹೋಗಿ ಥಾಯ್ಲೆಂಡನ್ನೇ 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಅರ್ಹತಾ ಪಂದ್ಯ ಗೆದ್ದು ಆ ಟೂರ್ನಿಗೆ ಅರ್ಹತೆ ಪಡೆದದ್ದು ಅದೇ ಮೊದಲು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಯಮಾಲ್ ಹೊಡೆದ ಗೋಲುಗಳನ್ನು ಬೆರಳ ತುದಿಯಲ್ಲಿ ಎಣಿಸುವ ನಮ್ಮ ತರಗತಿಯಲ್ಲಿ ಈ ಹೆಸರು ಎಷ್ಟು ಮಂದಿಗೆ ಗೊತ್ತು?

ಈಗ ಸ್ವಲ್ಪ ಕಷ್ಟದ ಮಾತು. ನಮ್ಮಂಥ ವಿದ್ಯಾರ್ಥಿಗಳಿಗೆ ನಿಷ್ಠೆಯ ಪ್ರಶ್ನೆ ಬರೀ ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮ್ಯಾಚ್ ಇದ್ದ ದಿನ 'ನೀವು ಯಾರ ಕಡೆ?' ಎಂದು ನಗುತ್ತಲೇ ಕೇಳುವವರು ಬಸ್ಸಿನಲ್ಲೂ ಸಿಗುತ್ತಾರೆ, ಅಂಗಡಿಯಲ್ಲೂ ಸಿಗುತ್ತಾರೆ. ವಿಶ್ವಕಪ್ ಸಮಯದಲ್ಲಿ ಊರಿಗೆ ಊರೇ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಕಟ್ಟುತ್ತದೆ. ಅದೇ ಬಾವುಟವನ್ನು ನಮ್ಮಲ್ಲೊಬ್ಬ ಕಟ್ಟಿದರೆ ಪ್ರಶ್ನೆಯ ಧ್ವನಿ ಬೇರೆಯಾಗುವುದೂ ಉಂಟು. ಇದಕ್ಕೆ ಸಿಟ್ಟಾಗಬೇಕಿಲ್ಲ, ಹೆದರಬೇಕಾಗಿಯೂ ಇಲ್ಲ. ಮನಸ್ಸಿನ ಪ್ರೀತಿಯನ್ನು ಅಳೆಯುವ ಟೇಪು ಯಾರ ಕೈಯಲ್ಲೂ ಇಲ್ಲ, ನಿಯ್ಯತ್ತು ಬಲ್ಲವನು ಅಲ್ಲಾಹನೊಬ್ಬನೇ. ಅಹ್ಮದ್ ಖಾನ್‌ರಂಥವರು ಆಟದಿಂದಲೇ ಉತ್ತರ ಕೊಟ್ಟರು. 1951 ಮತ್ತು 1962ರಲ್ಲಿ ಭಾರತ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ತರಬೇತುದಾರರಾಗಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರು. ಎರಡನೇ ಸಲ ಕ್ಯಾನ್ಸರ್ ಅವರ ಶ್ವಾಸಕೋಶವನ್ನು ತಿನ್ನುತ್ತಿತ್ತು, ಮುಂದಿನ ವರ್ಷವೇ ಅವರು ತೀರಿಕೊಂಡರು. ಯಾರಿಗೂ ಏನನ್ನೂ ಸಾಬೀತು ಮಾಡಲೆಂದು ಅವರು ಹಾಗೆ ದುಡಿದಿರಲಾರರು. ಅದು ಅವರ ತಂಡವಾಗಿತ್ತು, ಅಷ್ಟೇ. ನಮಗೂ ಭಾರತ ತಂಡ ಹಾಗೆಯೇ ಇರಲಿ. ಯಾರೋ ಕೇಳುತ್ತಾರೆಂದು ಹಾಕುವ ಜೆರ್ಸಿ ಬೇಡ. ನಮ್ಮ ತಂಡವೆಂದು ನೋಡೋಣ, ಸೋತರೆ ನಾವೂ ಬೇಸರಪಡೋಣ.

ಬಾಯಿಮಾತು ಸಾಕು, ಏನು ಮಾಡಬಹುದು? ನನಗೆ ಮೂರು ವಿಷಯ ತೋಚುತ್ತದೆ. ಒಂದು, ವಿಶ್ವಕಪ್ ಫೈನಲ್ ತೋರಿಸುವ ಹಾಗೆಯೇ ಭಾರತದ ಪಂದ್ಯಗಳನ್ನೂ ನಮ್ಮ ಸಭಾಂಗಣದಲ್ಲಿ ತೋರಿಸಲು ಪ್ರಾಂಶುಪಾಲರು ಅನುಮತಿ ಕೊಡಲಿ. 2026ರ ಮಾರ್ಚ್‌ನ ಆಸ್ಟ್ರೇಲಿಯಾದ ಏಷ್ಯಾ ಕಪ್‌ನಲ್ಲಿ ನಮ್ಮ ಹೆಣ್ಣುಮಕ್ಕಳ ಗುಂಪಿನಲ್ಲಿದ್ದದ್ದು ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ. ಇಂಥ ಪಂದ್ಯಗಳು ಪರೀಕ್ಷೆಯ ತಿಂಗಳಲ್ಲೂ ಬರುತ್ತವೆ ಎಂದು ಗೊತ್ತು. ಮೂರರಲ್ಲಿ ಒಂದು ಪಂದ್ಯವನ್ನಾದರೂ ನೋಡೋಣ. ಎರಡು, ವರ್ಷಕ್ಕೊಮ್ಮೆ ಒಂದೇ ದಿನದಲ್ಲಿ ಮುಗಿಸುವ ನಾಕೌಟ್ ಟೂರ್ನಿಯ ಬದಲು, ತರಗತಿಗೊಂದು ಕ್ಲಬ್ ಮಾಡಿ ವರ್ಷವಿಡೀ ಲೀಗ್ ನಡೆಸೋಣ. ಹುಡುಗಿಯರಿಗೂ ಅವರದೇ ಲೀಗ್ ಇರಲಿ. ಅಸರ್ ನಮಾಜ್ ಆದ ಮೇಲೆ ಮಗ್ರಿಬ್‌ವರೆಗಿನ ಹೊತ್ತು ಧಾರಾಳ ಸಾಕು, ಪಿ.ಇ. ಸರ್ ಒಪ್ಪಿದರೆ ಮೈದಾನವೂ ಇದೆ. ಮೂರು, ನಮ್ಮ ಊರಿನಲ್ಲಿ, ತಾಲೂಕಿನಲ್ಲಿ ನಡೆಯುವ ಪಂದ್ಯಗಳಿಗೆ ಹೋಗಿ ನಿಂತು ಚಪ್ಪಾಳೆ ತಟ್ಟೋಣ. ಅಲ್ಲಿ ಆಡುವ ಹುಡುಗನಿಗೆ ಜಾಲತಾಣದಲ್ಲಿ ಅಭಿಮಾನಿಗಳಿಲ್ಲ, ಗೆರೆಯ ಆಚೆ ನಿಂತ ನಾವೇ ಅವನ ಪಾಲಿಗೆ ಸ್ಟೇಡಿಯಂ.

ರಿಯಲ್ ಅಭಿಮಾನಿ ರಿಯಲ್‌ಗೇ ಇರಲಿ, ಬ್ಲಾಸ್ಟರ್ಸ್‌ನವನು ಬೆಂಗಳೂರಿನವನ ಜೊತೆ ಆ ಫ್ರೀಕಿಕ್ ಬಗ್ಗೆ ಇನ್ನೂ ಹತ್ತು ವರ್ಷ ಜಗಳವಾಡಲಿ. ಭಾರತ ಆಡುವ ದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರೆ ಸಾಕು.