ಸ್ಕ್ಯಾನರ್ ಸೂಚಿಸುವದು, ನಿರ್ಣಯಿಸದು

ನವಲಗುಂದ, ಅಣ್ಣಿಗೇರಿ ತಾಲೂಕುಗಳ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತಿಗೆಯ ಹದವು ಕೆಲವೇ ದಿವಸ ನಿಲ್ಲುವದೆಂಬುದು ಸರ್ವರಿಗೂ ವಿದಿತವೇ ಇದೆ. ಆ ಹದದಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ಕಡಲೆ, ಬಿಳಿಜೋಳಗಳ ಬಿತ್ತಿಗೆಯು ಹಿಂದೆ ಬೀಳುವದು. ಇಂಥ ಅವಸರದಲ್ಲಿ ಅಂಗೈಯಗಲದ ಸ್ಕ್ಯಾನರನ್ನು ಜೋಡಿಸಿ, ಅದು ತೋರಿದ ಸಂಕೇತವೊಂದನ್ನೇ ನೆಚ್ಚಿ, ಹೆಚ್ಚು ಬೆಲೆಯ ಭಾಗಗಳನ್ನು ಬದಲಿಸುವದು ಹಾನಿಕರವಾದುದು.

ಸಾಮಾನ್ಯ ಸ್ಕ್ಯಾನರು ಮೂಲತಃ ಮೋಟಾರು ಕಾರುಗಳ ಹೊಗೆಯ ನಿಯಂತ್ರಣಕ್ಕೆ ಸಂಬಂಧಿಸಿದ ದೋಷಗಳನ್ನು ಓದಲು ಹುಟ್ಟಿದ ಸಾಧನವು. ಅಮೇರಿಕೆಯಲ್ಲಿ 1996ರಿಂದ ಹೊಸ ಕಾರುಗಳಿಗೆ ಏಕರೂಪದ ಸಂಕೇತಗಳು ಕಡ್ಡಾಯವಾದವು. ಆದರೂ ಕಂಪನಿಗಳು ತಮ್ಮವೇ ಆದ ಬೇರೆ ಸಂಕೇತಗಳನ್ನೂ ಇಟ್ಟುಕೊಂಡಿವೆ; ಅವೆಲ್ಲವನ್ನು ಸಾಮಾನ್ಯ ಸ್ಕ್ಯಾನರು ಓದಲಾರದು. ಭಾರತದಲ್ಲಿ 50 ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನೇವರಿಯಿಂದ ಹೊಗೆಯ ಬಿಗಿಯಾದ ನಿಯಮವು ಜಾರಿಗೆ ಬಂದಿತು. ಇಂಥ ಎಂಜಿನುಗಳಲ್ಲಿ ಡೀಸೆಲ್ ಪೂರೈಕೆಯು ಗಣಕದ ಹತೋಟಿಯಲ್ಲಿರುತ್ತದೆ. ಆದರೆ ಅನೇಕ ಟ್ರ್ಯಾಕ್ಟರುಗಳ ಗಣಕದ ಭಾಷೆಯೇ ಕಾರಿನದಕ್ಕಿಂತ ಭಿನ್ನವಾದುದು. ಹಳೆಯ ಟ್ರ್ಯಾಕ್ಟರುಗಳಲ್ಲಂತೂ ಗಣಕವೇ ಇಲ್ಲ.

ಸಂಕೇತವು ದೊರೆತರೂ ಕಾರಣವು ದೊರೆತಂತಾಗದು. ಕಾರುಗಳಲ್ಲಿ ‘ಪಿ 0087’ ಎಂಬ ಸಂಕೇತವು ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆಯಲ್ಲಿ ಒತ್ತಡ ಕಡಿಮೆಯೆಂದು ಸೂಚಿಸುವದು. ಫಿಲ್ಟರು ಕಟ್ಟಿರಬಹುದು, ಕೊಳವೆಯಲ್ಲಿ ಗಾಳಿ ಹೊಕ್ಕಿರಬಹುದು, ಪಂಪು ಸವೆದಿರಬಹುದು, ಇಂಜೆಕ್ಟರು ಸೋರುತ್ತಿರಬಹುದು. ಇಲ್ಲವೆ ಒತ್ತಡವನ್ನಳೆಯುವ ಸೆನ್ಸರೇ ಕೆಟ್ಟಿರಬಹುದು. ಜ್ವರಮಾಪಕವು ಜ್ವರವನ್ನು ತೋರುವದೇ ಹೊರತು ರೋಗವನ್ನು ಹೇಳದು. ಸ್ಕ್ಯಾನರಿನ ಮಾತೂ ಅಷ್ಟೇ. ಪಿಸ್ಟನ್ನಿನ ರಿಂಗುಗಳ ಸವಕಳಿಯು ಎಷ್ಟೋ ಸಲ ಯಾವ ಸಂಕೇತವನ್ನೂ ತೋರದು.

ಆದಕಾರಣ ಸ್ಕ್ಯಾನರನ್ನು ಬಿಸುಡಬೇಕೆಂದಲ್ಲ. ಎಲ್ಲಿ ನೋಡಬೇಕೆಂಬುದನ್ನು ಅದು ಬೇಗನೆ ತಿಳಿಸುವದು. ಆದರೆ ನಿರ್ಣಯವು ಮಿಸ್ತ್ರಿಯ ಪರೀಕ್ಷೆಯಿಂದಲೇ ಆಗತಕ್ಕದ್ದು. ಮೊದಲು ಸಂಕೇತವನ್ನು ಬರೆದಿಡಬೇಕು. ಅಳಿಸಿದರೆ ದೋಷ ಕಂಡಾಗಿನ ವಿವರವೂ ಅದರೊಡನೆ ಹೋಗುವದು. ತರುವಾಯ ಗಾಳಿಯ ಹಾಗೂ ಡೀಸೆಲ್ಲಿನ ಫಿಲ್ಟರು, ಡೀಸೆಲ್ಲಿನಲ್ಲಿ ಸೇರಿದ ನೀರು, ಕೊಳವೆಗಳ ಸಡಿಲು, ತಂತಿಗಳ ಜೋಡಣೆ ಇವನ್ನು ನೋಡಬೇಕು. ಒತ್ತಡವನ್ನು ಅಳೆದು ತೋರಿಸಿದ ಬಳಿಕವೇ ಪಂಪು, ಇಂಜೆಕ್ಟರುಗಳ ಬದಲಾವಣೆಗೆ ಜಮೀನುದಾರರು ಒಪ್ಪಬೇಕು; ತೆಗೆದ ಹಳೆಯ ಭಾಗವನ್ನು ಕೇಳಿ ನೋಡಬೇಕು.

ಕುಂದಗೋಳ, ಕಲಘಟಗಿಗಳ ಕಡೆಯಲ್ಲಿಯೂ ಊರ ಹಿರಿಯರು ಈ ಕ್ರಮವನ್ನು ರೂಢಿಗೆ ತಂದು, ಬಿತ್ತಿಗೆಗೆ ಒಂದು ತಿಂಗಳು ಮೊದಲೇ ಟ್ರ್ಯಾಕ್ಟರುಗಳನ್ನು ಪರೀಕ್ಷೆ ಮಾಡಿಸಿದರೆ ಹಣವೂ ಉಳಿದೀತು, ಹದವೂ ತಪ್ಪದು.